ನಿಂತ ಅಣುಗಳೇ ಹೆಚ್ಚೋ, ನಿಂತ ಅಣುವೇ ಇಲ್ಲವೋ? ಜವದ ವಕ್ರರೇಖೆಯ ಬಗ್ಗೆ ಒಂದು ಪ್ರಶ್ನೆ

ಪದವಿ ಕಾಲೇಜಿನ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಬಿ.ಎಸ್ಸಿ. ತರಗತಿಯಲ್ಲಿ ಆದರ್ಶ ಅನಿಲದ (ಅಣುಗಳು ಒಂದನ್ನೊಂದು ಸೆಳೆಯುವುದಿಲ್ಲ ಎಂದು ಇಟ್ಟುಕೊಂಡ ಅನಿಲದ) ಅಣುಗಳ ಜವ ಹೇಗೆ ಹಂಚಿಕೆಯಾಗಿರುತ್ತದೆ ಎಂಬ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತಂದಿಲ್ಲ; ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕರಿಹಲಗೆಯ ಮೇಲೆ ಎರಡು ಚಿತ್ರ ಬರೆದಿದ್ದೆ. ಎಡಗಡೆಯದು ಒಂದೇ ದಿಕ್ಕಿನ ವೇಗದ ಘಟಕ ಹೇಗೆ ಹಂಚಿಕೆಯಾಗಿದೆ ಎಂಬುದರ ಚಿತ್ರ; ಅದು ಗಂಟೆಯ ಆಕಾರದ್ದು, ಅದರ ನೆತ್ತಿ ಸರಿಯಾಗಿ ಸೊನ್ನೆಯ ಮೇಲಿರುತ್ತದೆ. ಬಲಗಡೆಯದು ಜವದ ಹಂಚಿಕೆ. ಅದು ಸೊನ್ನೆಯಲ್ಲಿ ನೆಲಕ್ಕಂಟಿಕೊಂಡು ಹುಟ್ಟಿ, ಏರಿ ದಿಬ್ಬವಾಗಿ, ಬಲಕ್ಕೆ ಉದ್ದನೆಯ ಬಾಲವನ್ನು ಬಿಟ್ಟು ಇಳಿಯುತ್ತದೆ. ಹುಡುಗ ಕೇಳಿದ್ದು ಇಷ್ಟು: "ಮೇಡಂ, ಎಡಗಡೆಯ ಚಿತ್ರ ನಿಂತ ಅಣುಗಳೇ ಹೆಚ್ಚು ಅನ್ನುತ್ತದೆ, ಬಲಗಡೆಯದು ನಿಂತ ಅಣುವೇ ಇಲ್ಲ ಅನ್ನುತ್ತದೆ. ಅನಿಲ ಒಂದೇ ತಾನೇ?"

ನಾನು ಮೂರು ಘಟಕಗಳ ಹಂಚಿಕೆಯನ್ನು ಗುಣಿಸಿ, ಗೋಳದ ಪದರದ ಗಾತ್ರವನ್ನು ಸೇರಿಸಿ, ಮ್ಯಾಕ್ಸ್‌ವೆಲ್ ಸೂತ್ರವನ್ನು ಹೊರಡಿಸಿ ತೋರಿಸಿದೆ. ಅವನು ಬರೆದುಕೊಂಡು ಕುಳಿತ, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಗುಣಿಸಿದ್ದು ಸರಿ ಎಂದು ತೋರಿಸುವುದೇ ಬೇರೆ, ಏಕೆ ಗುಣಿಸಬೇಕು ಎಂದು ಮನಗಾಣಿಸುವುದೇ ಬೇರೆ. ಸೂತ್ರಕ್ಕೆ ಕೈ ಹಾಕದೆ ಇದನ್ನು ಹೇಳುವ ಬಗೆ ನಿಮಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಮೇಡಂ, ಮೂವತ್ತು ವರ್ಷ ಪಾಠ ಮಾಡಿದ ನನಗೆ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಅವನಿಗೆ ನನ್ನ ಮೆಚ್ಚುಗೆ ತಿಳಿಸಿ.

ತೊಡಕಿನ ಒಂದು ಎಳೆ ನಮ್ಮ ಮಾತಿನಲ್ಲಿಯೇ ಇದೆ. ದಿಕ್ಕಿನ ಪ್ರಸ್ತಾಪವಿಲ್ಲದ್ದು ಜವ, ದಿಕ್ಕನ್ನೂ ಒಳಗೊಂಡದ್ದು ವೇಗ ಎಂದು ಶಾಲಾ ಪುಸ್ತಕದಲ್ಲಿ ಎರಡು ಪದಗಳನ್ನು ಕಲಿಸುತ್ತೇವೆ. ತರಗತಿಯಿಂದ ಹೊರಗೆ ಬಂದ ಕೂಡಲೇ ಬಸ್ಸಿಗೂ ಬಿರುಗಾಳಿಗೂ ವೇಗ ಎಂದೇ ಆಡುತ್ತೇವೆ. ಎಡಗಡೆಯ ಚಿತ್ರ ವೇಗದ್ದು ಕೂಡ ಅಲ್ಲ, ವೇಗದ ಒಂದು ಘಟಕದ್ದು ಮಾತ್ರ. ಪೂರ್ವಕ್ಕೆ ಇಷ್ಟು, ಪಶ್ಚಿಮಕ್ಕೆ ಇಷ್ಟು ಎಂದಷ್ಟೇ ಅದು ಹೇಳುತ್ತದೆ. ಸೆಕೆಂಡಿಗೆ 500 ಮೀಟರು ಜವದಲ್ಲಿ ನೇರ ಉತ್ತರಕ್ಕೆ ಧಾವಿಸುತ್ತಿರುವ ಅಣುವಿನ ಪೂರ್ವ-ಪಶ್ಚಿಮ ಘಟಕ ಸೊನ್ನೆ. ಮೇಲಕ್ಕೆ ಚಿಮ್ಮುತ್ತಿರುವ ಅಣುವಿನದೂ ಸೊನ್ನೆ. ಅವೆರಡೂ ಎಡಗಡೆಯ ಗಂಟೆಯ ನೆತ್ತಿಯಲ್ಲೇ ಎಣಿಕೆಯಾಗುತ್ತವೆ. ಹಾಗಾಗಿ ಆ ನೆತ್ತಿಯಲ್ಲಿರುವವು ನಿಂತ ಅಣುಗಳಲ್ಲ, ಪೂರ್ವಕ್ಕೂ ಪಶ್ಚಿಮಕ್ಕೂ ಹೋಗದ ಅಣುಗಳು. ಇದು ಉತ್ತರದ ಮೊದಲರ್ಧ.

ಇನ್ನರ್ಧಕ್ಕೆ ನಮ್ಮೂರಿನ ಏಳುಸುತ್ತಿನ ಕೋಟೆಯನ್ನು ನೆನೆಸಿಕೊಳ್ಳಿ. ಲೆಕ್ಕದ ಸಲುವಾಗಿ ಸುತ್ತುಗಳೆಲ್ಲ ಒಂದೇ ಕೇಂದ್ರವುಳ್ಳ ದುಂಡನೆಯ ಗೋಡೆಗಳು ಎಂದಿಟ್ಟುಕೊಳ್ಳೋಣ. ಕೇಂದ್ರದ ಬಳಿ ಕಾವಲುಗಾರರನ್ನು ಮೊಳಕ್ಕೊಬ್ಬರಂತೆ ಒತ್ತೊತ್ತಾಗಿ ನಿಲ್ಲಿಸಿ, ಹೊರಕ್ಕೆ ಹೋದಂತೆ ಮಾರಿಗೊಬ್ಬರು, ಹತ್ತು ಮಾರಿಗೊಬ್ಬರು ಎಂದು ವಿರಳ ಮಾಡುತ್ತಾ ಹೋಗಿದ್ದೇವೆ. ಈಗ ಎರಡು ಪ್ರಶ್ನೆ ಕೇಳಬಹುದು. ಕಾವಲು ಎಲ್ಲಿ ದಟ್ಟ? ಕೇಂದ್ರದಲ್ಲಿ. ಯಾವ ಸುತ್ತಿನಲ್ಲಿ ಕಾವಲುಗಾರರ ಒಟ್ಟು ಸಂಖ್ಯೆ ಹೆಚ್ಚು? ಕೇಂದ್ರದಲ್ಲಲ್ಲ, ಏಕೆಂದರೆ ಅಲ್ಲಿಯ ಸುತ್ತು ನಾಲ್ಕು ಹೆಜ್ಜೆಯದು. ನಾಲ್ಕು ಹೆಜ್ಜೆಯಲ್ಲಿ ಎಷ್ಟು ಒತ್ತಿ ನಿಲ್ಲಿಸಿದರೂ ಎಷ್ಟು ಜನ ಹಿಡಿದಾರು? ತೀರ ಹೊರಸುತ್ತಿನಲ್ಲೂ ಅಲ್ಲ, ಅಲ್ಲಿ ಗೋಡೆ ಉದ್ದವಿದೆ, ಜನ ವಿರಳ. ನಡುವಿನ ಯಾವುದೋ ಒಂದು ಸುತ್ತು ಗೆಲ್ಲುತ್ತದೆ. ಜವದ ವಕ್ರರೇಖೆಯ ದಿಬ್ಬ ಆ ನಡುವಿನ ಸುತ್ತು.

ಕೋಟೆ ನೆಲದ ಮೇಲಿನದಾದ್ದರಿಂದ ಸುತ್ತಿನ ಉದ್ದ ತ್ರಿಜ್ಯಕ್ಕೆ ತಕ್ಕಂತೆ ಬೆಳೆಯುತ್ತದೆ. ಅಣುವಿನ ವೇಗಕ್ಕೆ ಮೂರು ಘಟಕಗಳಿವೆ. ಅದಕ್ಕೆ ಈರುಳ್ಳಿಯೇ ಸರಿಯಾದ ಹೋಲಿಕೆ. ಈರುಳ್ಳಿಯ ತಿರುಳಿನಿಂದ ಒಂದು ಸೆಂಟಿಮೀಟರು ದೂರದ ಪದರಕ್ಕಿಂತ ಮೂರು ಸೆಂಟಿಮೀಟರು ದೂರದ ಪದರದ ವಿಸ್ತಾರ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಸೂತ್ರದಲ್ಲಿ ಬರುವ ಜವದ ವರ್ಗ ಇದೇ. ಅದರ ಪಕ್ಕದಲ್ಲಿ ನಿಂತ ಘಾತೀಯ ಪದ, ಅಂದರೆ ಚಲನ ಶಕ್ತಿಯನ್ನು ಬೋಲ್ಟ್ಸ್‌ಮನ್ ನಿಯತಾಂಕ ಮತ್ತು ತಾಪಗಳ ಗುಣಲಬ್ಧದಿಂದ ಭಾಗಿಸಿ ಋಣ ಚಿಹ್ನೆಯೊಡನೆ ಘಾತಕ್ಕೇರಿಸಿದ್ದು, ಕಾವಲುಗಾರರು ವಿರಳವಾಗುವ ಬಗೆ. ಜಾಗ ಹಿಗ್ಗುತ್ತದೆ, ದಟ್ಟಣೆ ಕುಗ್ಗುತ್ತದೆ. ಮೊದಮೊದಲು ಹಿಗ್ಗುವುದು ಗೆಲ್ಲುತ್ತದೆ, ಆಮೇಲೆ ಕುಗ್ಗುವುದು.

ಒಂದು ಎಚ್ಚರಿಕೆಯನ್ನು ಮಾತ್ರ ಹುಡುಗರಿಗೆ ಮೊದಲೇ ಹೇಳಬೇಕು: ಈ ಕೋಟೆ, ಈ ಈರುಳ್ಳಿ ಕೋಣೆಯೊಳಗಿನ ಜಾಗವಲ್ಲ. ಕೇಂದ್ರದಿಂದ ದೂರ ಎಂದರೆ ಇಲ್ಲಿ ಜವ ಹೆಚ್ಚು ಎಂದರ್ಥ, ಕೋಣೆಯ ಮೂಲೆಯಲ್ಲಿದೆ ಎಂದಲ್ಲ.

ಪ್ರೌಢಶಾಲಾ ಶಿಕ್ಷಕ, ಹಿರಿಯೂರು

ಗುರುಗಳ ಕೋಟೆಯ ಹೋಲಿಕೆಯನ್ನು ಕೈಯಲ್ಲಿ ಮಾಡಿ ನೋಡುವ ಬಗೆಯೊಂದಿದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗೆ ನಡೆಯುವ ತರಬೇತಿಗೆ ಹೋಗಿದ್ದಾಗ ಊಟದ ಬಿಡುವಿನಲ್ಲಿ ನಾವು ಕೆಲವರು ನಾಣ್ಯ ಹಿಡಿದು ಇದನ್ನು ಆಡಿದ್ದೆವು. ಆಮೇಲೆ ನನ್ನ ಶಾಲೆಯಲ್ಲೂ ಮಾಡಿಸಿದೆ.

ಪ್ರತಿ ವಿದ್ಯಾರ್ಥಿಯೂ ಒಂದು ಅಣು. ಒಂದೊಂದು ರೂಪಾಯಿಯ ಹತ್ತು ನಾಣ್ಯಗಳನ್ನು ಎರಡು ಕೈಗಳ ಬೊಗಸೆಯಲ್ಲಿ ಕುಲುಕಿ ಮೇಜಿನ ಮೇಲೆ ಚೆಲ್ಲಬೇಕು. ಎಷ್ಟು ಶಿರ ಬಿದ್ದವೋ ಅದರಿಂದ ಐದನ್ನು ಕಳೆದರೆ ಮೈನಸ್ ಐದರಿಂದ ಪ್ಲಸ್ ಐದರೊಳಗಿನ ಒಂದು ಸಂಖ್ಯೆ ಸಿಗುತ್ತದೆ. ಅದು ಪೂರ್ವ-ಪಶ್ಚಿಮ ಘಟಕ. ಎರಡನೆಯ ಸಲ ಚೆಲ್ಲಿದರೆ ಉತ್ತರ-ದಕ್ಷಿಣ, ಮೂರನೆಯ ಸಲ ಮೇಲೆ-ಕೆಳಗೆ. ಮೂರರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಆ ವಿದ್ಯಾರ್ಥಿಯ ಜವ.

60 ಮಕ್ಕಳಿದ್ದರೆ ಸಂಭವನೀಯತೆಯ ಲೆಕ್ಕ ಹೀಗೆ ಬರುತ್ತದೆ. ಮೊದಲ ಚೆಲ್ಲಾಟದಲ್ಲಿ ಸೊನ್ನೆ ಬರಬೇಕಾದವರು ಸುಮಾರು 15 ಮಂದಿ. ಬೇರೆ ಯಾವ ಸಂಖ್ಯೆಗೂ ಅಷ್ಟು ಜನರಿಲ್ಲ. ಇದು ಮೇಡಂ ಅವರ ಎಡಗಡೆಯ ಚಿತ್ರ. ಮೂರರಲ್ಲೂ ಸೊನ್ನೆ ಬಂದು ನಿಜವಾಗಿ ನಿಂತ ಅಣು ಎನಿಸಿಕೊಳ್ಳುವವರು 60ರಲ್ಲಿ ಸುಮಾರು ಒಬ್ಬರು. ಜವ ಒಂದರಿಂದ ಎರಡರೊಳಗೆ ಇರುವವರು 16, ಎರಡರಿಂದ ಮೂರರೊಳಗೆ 21, ಮೂರರಿಂದ ನಾಲ್ಕರೊಳಗೆ 16 ಅಥವಾ 17, ಉಳಿದ ಐದಾರು ಮಂದಿ ಬಾಲದಲ್ಲಿ. ಇದು ಬಲಗಡೆಯ ಚಿತ್ರ. ಅದೇ ಮಕ್ಕಳು, ಅದೇ ನಾಣ್ಯಗಳು.

ನಮ್ಮ ತರಗತಿಯಲ್ಲಿ ಮೊದಲ ಎರಡು ಸಲ ಸೊನ್ನೆ ಬಂದ ಹುಡುಗಿಯೊಬ್ಬಳು ಮೂರನೆಯ ಸಲಕ್ಕೆ ನಾಣ್ಯ ಕುಲುಕುವಾಗ ಇಡೀ ತರಗತಿ ಅವಳ ಮೇಜಿನ ಸುತ್ತ ನಿಂತಿತ್ತು. ಏಳು ಶಿರ ಬಿದ್ದವು. "ನಿಲ್ಲುವುದು ಕಷ್ಟ ಸರ್, ಮೂರೂ ಒಟ್ಟಿಗೆ ಸೊನ್ನೆಯಾಗಬೇಕು" ಎಂದಳು. ಒಂಬತ್ತನೆಯ ತರಗತಿಯ ಹುಡುಗಿ ಆಡಿದ ಆ ಒಂದು ವಾಕ್ಯಕ್ಕಿಂತ ಚೆನ್ನಾಗಿ ನಾನು ಇದನ್ನು ವಿವರಿಸಲಾರೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ, ಮೇಡಂ ಈ ಕೊಂಡಿ ಕಳುಹಿಸಿದರು. ನಾಣ್ಯದ ಲೆಕ್ಕವನ್ನು ನಾನೇ ಕುಳಿತು ಮಾಡಿ ನೋಡಿದೆ, ಸರಿಯಾಗಿ ಬಂತು. ಎಡಗಡೆಯ ನೆತ್ತಿಯಲ್ಲಿರುವವು ನಿಂತ ಅಣುಗಳಲ್ಲ ಎಂಬುದು ಈಗ ಖಚಿತವಾಯಿತು. ಆದರೆ ಪುಸ್ತಕದಲ್ಲಿ ಅತಿ ಸಂಭವನೀಯ ಜವ, ಸರಾಸರಿ ಜವ, ಆರ್‌ಎಂಎಸ್ ಜವ (ಜವಗಳ ವರ್ಗಗಳ ಸರಾಸರಿಯ ವರ್ಗಮೂಲ) ಎಂದು ಮೂರು ಕೊಟ್ಟಿದ್ದಾರೆ. ಅಣುವಿನ ಜವ ಎಷ್ಟು ಎಂದು ಯಾರಾದರೂ ಕೇಳಿದರೆ ಮೂರರಲ್ಲಿ ಯಾವುದನ್ನು ಹೇಳಬೇಕು?

ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ದಾವಣಗೆರೆ

ಯಾವುದಕ್ಕಾಗಿ ಕೇಳುತ್ತಿದ್ದಾರೆ ಎಂಬುದನ್ನು ನೋಡಿ ಹೇಳಬೇಕು. 300 ಕೆಲ್ವಿನ್ ತಾಪದಲ್ಲಿ, ಅಂದರೆ ನಮ್ಮ ಕೋಣೆಯ ಸಾಧಾರಣ ಬಿಸಿಯಲ್ಲಿ, ಸಾರಜನಕದ ಅತಿ ಸಂಭವನೀಯ ಜವ ಸೆಕೆಂಡಿಗೆ 422 ಮೀಟರು, ಸರಾಸರಿ ಜವ 476, ಆರ್‌ಎಂಎಸ್ ಜವ 517. ಅನಿಲ ಯಾವುದೇ ಇರಲಿ, ತಾಪ ಎಷ್ಟೇ ಇರಲಿ, ಮೂರರ ಅನುಪಾತ 1, 1.128, 1.225 ಎಂದೇ ಉಳಿಯುತ್ತದೆ. ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಮೊದಲನೆಯದು ಬಹುಲಕ, ಅಂದರೆ ದಿಬ್ಬದ ನೆತ್ತಿ ಇರುವ ಬೆಲೆ. ಒತ್ತಡ, ಚಲನ ಶಕ್ತಿಗಳ ಮಾತು ಬಂದಾಗ ಆರ್‌ಎಂಎಸ್ ಬೇಕು, ಏಕೆಂದರೆ ಶಕ್ತಿ ಜವದ ವರ್ಗವನ್ನು ಅವಲಂಬಿಸಿದೆ. ಸೆಕೆಂಡಿಗೆ ಎಷ್ಟು ಅಣುಗಳು ಗೋಡೆಗೆ ಬಡಿಯುತ್ತವೆ, ಒಂದು ಅಣು ಎಷ್ಟು ಸಲ ಡಿಕ್ಕಿ ಹೊಡೆಯುತ್ತದೆ ಎಂಬ ಲೆಕ್ಕಕ್ಕೆ ಸರಾಸರಿ ಜವ ಬೇಕು.

ಮೂರೂ ಬೇರೆ ಬೇರೆಯಾಗಿರುವುದಕ್ಕೆ ಕಾರಣ ಬಾಲ. ವಕ್ರರೇಖೆ ಎರಡೂ ಕಡೆ ಸಮನಾಗಿದ್ದಿದ್ದರೆ ಬಹುಲಕವೂ ಸರಾಸರಿಯೂ ಒಂದೇ ಆಗುತ್ತಿದ್ದವು. ಎಡಕ್ಕೆ ಸೊನ್ನೆಯ ಗೋಡೆಯಿದೆ, ಬಲಕ್ಕೆ ಗೋಡೆಯಿಲ್ಲ; ಹಾಗಾಗಿ ಬಹುಲಕಕ್ಕಿಂತ ಹೆಚ್ಚು ಜವದ ಅಣುಗಳು ಶೇಕಡ 57ರಷ್ಟಿರುತ್ತವೆ. ಅದರ ಎರಡು ಪಟ್ಟನ್ನು ಮೀರಿದವು ಶೇಕಡ 4.6, ಮೂರು ಪಟ್ಟನ್ನು ಮೀರಿದವು ಹತ್ತು ಸಾವಿರಕ್ಕೆ ನಾಲ್ಕೈದು, ನಾಲ್ಕು ಪಟ್ಟನ್ನು ಮೀರಿದವು ಒಂದು ಕೋಟಿಗೆ ಐದು. ಬಾಲ ಉದ್ದವೇನೋ ಹೌದು, ಆದರೆ ಬಹಳ ಬೇಗ ತೆಳುವಾಗುತ್ತದೆ.

ಈ ಬಾಲದ ಬಗ್ಗೆ ಒಂದು ಲೆಕ್ಕವನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಮಾಡಿಸುತ್ತೇನೆ. ದಾವಣಗೆರೆಯಲ್ಲಿ ಜನವರಿಯ ಒಂದು ನಸುಕಿನಲ್ಲಿ 15 ಡಿಗ್ರಿ, ಏಪ್ರಿಲ್‌ನ ಒಂದು ಮಧ್ಯಾಹ್ನ 38 ಡಿಗ್ರಿ ಎಂದಿಟ್ಟುಕೊಳ್ಳಿ. ಶಾಲು ಹೊದೆಯುವ ಹೊತ್ತಿಗೂ ಅಂಗಿ ಬೆವರಿನಲ್ಲಿ ಮೈಗಂಟುವ ಹೊತ್ತಿಗೂ ಸಾರಜನಕದ ಸರಾಸರಿ ಜವದಲ್ಲಿ ಎಷ್ಟು ವ್ಯತ್ಯಾಸ? ಕೆಲ್ವಿನ್‌ನಲ್ಲಿ ಅದು 288ರಿಂದ 311ಕ್ಕೆ ಏರಿದಂತೆ; ಜವ ತಾಪದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ ಏರಿಕೆ ಶೇಕಡ ನಾಲ್ಕು ಮಾತ್ರ. ವಿದ್ಯಾರ್ಥಿಗಳು ಇಷ್ಟೇನಾ ಎನ್ನುತ್ತಾರೆ. ಆಗ ಸೆಕೆಂಡಿಗೆ ಒಂದು ಕಿಲೋಮೀಟರನ್ನು ಮೀರಿದ ಅಣುಗಳು ಎಷ್ಟು ಎಂದು ಕೇಳುತ್ತೇನೆ. ನಸುಕಿನಲ್ಲಿ ಅವು ಶೇಕಡ 0.85, ಮಧ್ಯಾಹ್ನ ಶೇಕಡ 1.27, ಅಂದರೆ ಸುಮಾರು ಒಂದೂವರೆ ಪಟ್ಟು. ನಡು ಅಷ್ಟಾಗಿ ಕದಲುವುದಿಲ್ಲ, ಬಾಲ ಬಲವಾಗಿ ಕದಲುತ್ತದೆ. ಅನೇಕ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿಕೆಗೇ ಸುಮಾರು ಎರಡು ಪಟ್ಟು ಚುರುಕಾಗುವುದರ ಹಿಂದೆಯೂ ಇದೇ ಇದೆ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಬಾಲದ ಅಣುಗಳೇ.

ವಿಜ್ಞಾನ ಪದವೀಧರೆ, ಗೃಹಿಣಿ, ಚಿತ್ರದುರ್ಗ

ಓದುತ್ತಾ ಹೋದಂತೆ ಹಳೆಯ ಸಂಶಯವೊಂದು ಎದ್ದಿತು. ದೇವರ ಮನೆಯಲ್ಲಿ ಕರ್ಪೂರದ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಪಡಸಾಲೆಯಲ್ಲಿ ಕುಳಿತ ಅತ್ತೆಯವರಿಗೆ ವಾಸನೆ ತಲುಪಲು ಒಂದೆರಡು ನಿಮಿಷವಾದರೂ ಬೇಕು. ಅಣುಗಳು ಸೆಕೆಂಡಿಗೆ ನೂರಾರು ಮೀಟರು ಓಡುವುದಾದರೆ ಆರೇಳು ಮೀಟರಿಗೆ ಇಷ್ಟು ಹೊತ್ತೇಕೆ? ಈ ಹಂಚಿಕೆಯನ್ನು ನಂಬುವುದು ಹೇಗೆ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ತಾಯಿ, ನೀವು ಕೇಳಿದ್ದನ್ನೇ 1858ರಲ್ಲಿ ಡಚ್ ವಿಜ್ಞಾನಿ ಬೈಸ್ ಬಲ್ಲಾಟ್ ಕೇಳಿದ್ದರು. ಅದರ ಹಿಂದಿನ ವರ್ಷ ಜರ್ಮನ್ ವಿಜ್ಞಾನಿ ಕ್ಲೌಸಿಯಸ್ ಅವರು ಸೊನ್ನೆ ಡಿಗ್ರಿಯಲ್ಲಿ ಆಮ್ಲಜನಕದ ಅಣುಗಳ ಜವ ಸೆಕೆಂಡಿಗೆ 461 ಮೀಟರು, ಸಾರಜನಕದ್ದು 492, ಜಲಜನಕದ್ದು 1844 ಎಂದು ಪ್ರಕಟಿಸಿದ್ದರು. ಅಷ್ಟು ಜವವಿದ್ದರೆ ಕೋಣೆಯ ಒಂದು ಬದಿಯ ಹೊಗೆ ಇನ್ನೊಂದು ಬದಿಗೆ ಕ್ಷಣದಲ್ಲಿ ಬೆರೆತುಹೋಗಬೇಕಿತ್ತಲ್ಲ ಎಂಬುದು ಆಕ್ಷೇಪ. ಅದಕ್ಕೆ ಉತ್ತರ ಹುಡುಕುವಾಗಲೇ ಕ್ಲೌಸಿಯಸ್‌ಗೆ ಸರಾಸರಿ ಮುಕ್ತ ಪಥದ, ಅಂದರೆ ಅಣು ಎರಡು ಡಿಕ್ಕಿಗಳ ನಡುವೆ ಸಾಗುವ ಸರಾಸರಿ ದೂರದ, ಕಲ್ಪನೆ ದೊರೆಯಿತು. ಅವರ ಬರಹವನ್ನು ಓದಿದ ಮ್ಯಾಕ್ಸ್‌ವೆಲ್ 1860ರಲ್ಲಿ ಜವದ ಹಂಚಿಕೆಯನ್ನು ಪ್ರಕಟಿಸಿದರು. ಹೀಗೆ ಒಂದು ಒಳ್ಳೆಯ ಆಕ್ಷೇಪ ಇಡೀ ಶಾಸ್ತ್ರವನ್ನು ಮುಂದಕ್ಕೆ ತಳ್ಳಿತು.

ಸಾಧಾರಣ ಒತ್ತಡದ ಗಾಳಿಯಲ್ಲಿ ಒಂದು ಅಣು ಡಿಕ್ಕಿಯಿಂದ ಡಿಕ್ಕಿಗೆ ಸಾಗುವ ದೂರ ಸರಾಸರಿ 68 ನ್ಯಾನೊಮೀಟರು. ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದಕ್ಕಿಂತ ಕಡಿಮೆ. ಸೆಕೆಂಡಿಗೆ ಸುಮಾರು 700 ಕೋಟಿ ಡಿಕ್ಕಿಗಳು, ಪ್ರತಿ ಡಿಕ್ಕಿಗೂ ದಿಕ್ಕು ಬದಲು. ನಿಮ್ಮ ಕರ್ಪೂರದ ಅಣು ಭಾರವಾದ್ದು, ಸರಾಸರಿ ಜವ ಸೆಕೆಂಡಿಗೆ 200 ಮೀಟರಿನಷ್ಟು. ಆದರೆ ಅದು ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿದವರಂತೆ ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ.

ಇಲ್ಲಿ ಪಠ್ಯಪುಸ್ತಕಗಳೂ ಹೆಚ್ಚಾಗಿ ಗಮನಿಸದ ಒಂದು ಸಂಗತಿಯನ್ನು ಹೇಳಬೇಕು. ಗಾಳಿ ಒಂದಿಷ್ಟೂ ಅಲುಗಾಡದೆ ಬರಿಯ ವಿಸರಣೆಯಿಂದಲೇ, ಅಂದರೆ ಅಣುಗಳು ಡಿಕ್ಕಿ ಹೊಡೆಯುತ್ತಾ ತಾವಾಗಿಯೇ ಹರಡುವುದರಿಂದಲೇ, ಆ ವಾಸನೆ ಹರಡಬೇಕಾಗಿದ್ದರೆ ಮೂರು ಮೀಟರಿಗೂ ದಿನಗಟ್ಟಲೆ ಬೇಕಾಗುತ್ತಿತ್ತು, ಏಕೆಂದರೆ ವಿಸರಣೆಯಲ್ಲಿ ಹಿಡಿಯುವ ಹೊತ್ತು ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ನಿಮ್ಮ ಅತ್ತೆಯವರಿಗೆ ಒಂದೆರಡು ನಿಮಿಷದಲ್ಲಿ ತಲುಪಿದ್ದರೆ ಅದನ್ನು ಹೊತ್ತು ತಂದದ್ದು ಬಾಗಿಲ ಸಂದಿನ ಗಾಳಿ, ದೀಪದ ಬಿಸಿಗೆ ಏಳುವ ಗಾಳಿ, ನಿಮ್ಮದೇ ಓಡಾಟ. ಹಾಗಾಗಿ ವಾಸನೆಯನ್ನು ನೋಡಿ ಅಣುವಿನ ಜವವನ್ನು ಅಳೆಯಲಾಗದು.

ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿರುವವರು, ಚಿತ್ರದುರ್ಗ

ಗಾಳಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಜೋಗಿಮಟ್ಟಿ ಬೆಟ್ಟಸಾಲಿನ ಗಾಳಿಯಂತ್ರಗಳ ನಡುವೆ ಕೆಲಸ ಮಾಡುವ ನಮಗೆ ಸೆಕೆಂಡಿಗೆ 10 ಮೀಟರು ಎಂದರೆ ಒಳ್ಳೆಯ ಗಾಳಿ. ಇಲ್ಲಿ ನೀವೆಲ್ಲ ನಿಂತ ಗಾಳಿಯಲ್ಲೇ ಅಣುಗಳು 476 ಮೀಟರು ಓಡುತ್ತವೆ ಎಂದಿರಿ. ಹಾಗಾದರೆ ಗಾಳಿ ಬೀಸಿದಾಗ ಆ ಎರಡು ಚಿತ್ರಗಳು ಏನಾಗುತ್ತವೆ?

ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ದಾವಣಗೆರೆ

ಗಾಳಿ ಬೀಸುವ ದಿಕ್ಕಿನ ಘಟಕದ ಚಿತ್ರದಲ್ಲಿ ಇಡೀ ಗಂಟೆ ಹಾಗೆಯೇ 10 ಮೀಟರು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ. ಗಂಟೆಯ ಹರವು, ಅಂದರೆ ಮಾನಕ ವಿಚಲನೆ, ಸಾರಜನಕಕ್ಕೆ ಸೆಕೆಂಡಿಗೆ 298 ಮೀಟರು. ಅದರ ಮುಂದೆ ಹತ್ತು ಮೀಟರು ಸರಿದದ್ದನ್ನು ಕರಿಹಲಗೆಯಲ್ಲಿ ತೋರಿಸಹೋದರೆ ಸುಣ್ಣದ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ನೀವು ಬಿರುಸಾದ ಗಾಳಿ ಎನ್ನುವುದು ಅಣುಗಳ ಲೋಕದಲ್ಲಿ ಎಡಕ್ಕೂ ಬಲಕ್ಕೂ ಓಡುವವರ ಸಂಖ್ಯೆಯಲ್ಲಿನ ಒಂದು ಸಣ್ಣ ಏರುಪೇರು.

ಶಕ್ತಿಯ ಲೆಕ್ಕವನ್ನೂ ನೋಡಿ. ಒಂದು ಕಿಲೋಗ್ರಾಂ ಗಾಳಿ ಸೆಕೆಂಡಿಗೆ 10 ಮೀಟರು ಬೀಸಿದರೆ ಬೀಸುವುದರ ಚಲನ ಶಕ್ತಿ 50 ಜೂಲ್. ಅದೇ ಒಂದು ಕಿಲೋಗ್ರಾಂ ಗಾಳಿಯಲ್ಲಿ ಅಣುಗಳ ದಿಕ್ಕುದೆಸೆಯಿಲ್ಲದ ಓಡಾಟದ ಚಲನ ಶಕ್ತಿ 300 ಕೆಲ್ವಿನ್‌ನಲ್ಲಿ ಸುಮಾರು 1,29,000 ಜೂಲ್. ಎರಡೂವರೆ ಸಾವಿರ ಪಟ್ಟಿಗಿಂತ ಹೆಚ್ಚು. ನಿಮ್ಮ ರೆಕ್ಕೆಗಳು ಆ 50 ಜೂಲ್‌ನಲ್ಲೂ ಶೇಕಡ 59ಕ್ಕಿಂತ ಹೆಚ್ಚು ಪಡೆಯಲಾರವು ಎಂಬುದು ಬೆಟ್ಜ್ ತೋರಿಸಿಕೊಟ್ಟ ಮಿತಿ. ಉಳಿದ ಆ ಅಪಾರ ಶಕ್ತಿಗೆ ರೆಕ್ಕೆ ಒಡ್ಡಲಾಗದು, ಏಕೆಂದರೆ ರೆಕ್ಕೆಯ ಎರಡೂ ಬದಿಗೆ ಅದು ಸಮನಾಗಿಯೇ ಬಡಿಯುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಾರಲ್ಲ, ಆ ಮೂಲ ಮ್ಯಾಂಚೆಸ್ಟರಿನಲ್ಲಿಯೇ ಜೂಲ್ ಅವರು 1848ರಲ್ಲಿ ಜಲಜನಕದ ಕಣಗಳ ಜವವನ್ನು ಒತ್ತಡದಿಂದ ಲೆಕ್ಕ ಹಾಕಿದ್ದರು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯುತ್ತೇನೆ.

ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಇಲ್ಲಿಯವರೆಗಿನ ಚರ್ಚೆಯನ್ನು ಗೌರವದಿಂದಲೇ ಓದಿದ್ದೇನೆ, ಆದರೆ ಎರಡು ಆಕ್ಷೇಪಗಳಿವೆ.

ಮೊದಲನೆಯದು: ಮೂರು ಚೆಲ್ಲಾಟದ ನಾಣ್ಯಗಳು ಒಂದಕ್ಕೊಂದು ಸಂಬಂಧವಿಲ್ಲದವು. ಅಣುವಿನ ಮೂರು ಘಟಕಗಳೂ ಹಾಗೆಯೇ ಸಂಬಂಧವಿಲ್ಲದವು ಎಂದು ಯಾರು ಹೇಳಿದರು? 1860ರಲ್ಲಿ ಮ್ಯಾಕ್ಸ್‌ವೆಲ್ ಅದನ್ನು ಒಪ್ಪಿಕೊಂಡೇ ಮುಂದೆ ಸಾಗಿದರು. ಘಟಕಗಳು ಸ್ವತಂತ್ರ ಎಂದ ಮೇಲೆ ಮೂರು ಸಂಭವನೀಯತೆಗಳ ಗುಣಲಬ್ಧ ಬೇಕು. ಎಲ್ಲ ದಿಕ್ಕುಗಳೂ ಸಮಾನ ಎಂದ ಮೇಲೆ ಆ ಗುಣಲಬ್ಧ ಮೂರು ವರ್ಗಗಳ ಮೊತ್ತವನ್ನಷ್ಟೇ ಅವಲಂಬಿಸಬೇಕು. ಗುಣಿಸಿದ್ದು ಮೊತ್ತವಾಗುವಂತೆ ಮಾಡುವುದು ಘಾತೀಯ ಫಲನ ಒಂದೇ, ಆದ್ದರಿಂದ ಗಂಟೆಯಾಕಾರ. ಬಹಳ ಸುಂದರವಾದ ವಾದ ಇದು, ಆದರೆ ಡಿಕ್ಕಿಯ ಮಾತೇ ಇದರಲ್ಲಿ ಇಲ್ಲ. ಸ್ವತಃ ಮ್ಯಾಕ್ಸ್‌ವೆಲ್‌ಗೇ ಇದು ಭದ್ರವೆನಿಸದೆ 1867ರಲ್ಲಿ ಡಿಕ್ಕಿಗಳಿಂದಲೇ ಹೊರಟು ಮತ್ತೆ ಸಾಧಿಸಿದರು; 1872ರಲ್ಲಿ ಬೋಲ್ಟ್ಸ್‌ಮನ್, ಬೇರೆ ಹಂಚಿಕೆಯಿಂದ ಹೊರಟ ಅನಿಲವೂ ಡಿಕ್ಕಿಗಳ ಮೂಲಕ ಇದೇ ಹಂಚಿಕೆಗೆ ಬಂದು ನಿಲ್ಲುತ್ತದೆ ಎಂದು ತೋರಿಸಿದರು. ಇದನ್ನು ಬಿಟ್ಟು ನಾಣ್ಯವನ್ನಷ್ಟೇ ತೋರಿಸಿದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತೆ.

ಎರಡನೆಯದು: ಎಲ್ಲರೂ ಆದರ್ಶ ಅನಿಲ, ಆದರ್ಶ ಅನಿಲ ಎನ್ನುತ್ತಿದ್ದೀರಿ. ಅಣುಗಳು ಒಂದನ್ನೊಂದು ಸೆಳೆಯುವ ನಿಜವಾದ ಅನಿಲದಲ್ಲಿ ಈ ಹಂಚಿಕೆ ಕೆಡುತ್ತದೆ ಎಂಬ ಭಾವನೆ ಇದರಿಂದ ಹುಟ್ಟುತ್ತದೆ. ಅದು ತಪ್ಪು. ಸಮತೋಲನದಲ್ಲಿ ಅಣುಗಳ ನಡುವಿನ ಸೆಳೆತ ಅವುಗಳ ಸ್ಥಾನಗಳ ಹಂಚಿಕೆಯನ್ನು ಬದಲಿಸುತ್ತದೆಯೇ ಹೊರತು ವೇಗಗಳ ಹಂಚಿಕೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಒಟ್ಟು ಶಕ್ತಿಯಲ್ಲಿ ಚಲನ ಶಕ್ತಿ ಮತ್ತು ಪ್ರಚ್ಛನ್ನ ಶಕ್ತಿ ಬೇರೆ ಬೇರೆಯಾಗಿ ಕೂಡಿಕೊಂಡಿವೆ. ಕ್ವಾಂಟಮ್ ಪರಿಣಾಮಗಳು ಎದ್ದು ಕಾಣದವರೆಗೆ ದ್ರವದಲ್ಲಿಯೂ ವೇಗಗಳು ಹೀಗೆಯೇ ಹಂಚಿಕೆಯಾಗಿರುತ್ತವೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಎರಡೂ ಸರಿ, ಮಗಳೇ. ಎರಡನೆಯದನ್ನು ನಾನು ನನ್ನ ತರಗತಿಗಳಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ, ಹೇಳಬೇಕಿತ್ತು.

ಪ್ರೌಢಶಾಲಾ ಶಿಕ್ಷಕ, ಹಿರಿಯೂರು

ಮೊದಲನೆಯ ಆಕ್ಷೇಪವನ್ನೂ ಒಪ್ಪುತ್ತೇನೆ. ಒಂಬತ್ತನೆಯ ತರಗತಿಗೆ ನಾಣ್ಯ ಸಾಕು, ಪದವಿಗೆ ಸಾಲದು. ಘಟಕಗಳು ಸ್ವತಂತ್ರ ಎಂದು ನಾವು ಇಟ್ಟುಕೊಂಡಿದ್ದೇವೆ, ಸಾಧಿಸಿಲ್ಲ ಎಂದು ಮುಂದಿನ ಸಲ ಮಕ್ಕಳಿಗೆ ಬಾಯಿಬಿಟ್ಟು ಹೇಳುತ್ತೇನೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿ, ದಾವಣಗೆರೆ

ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ, ಇಲ್ಲವೇ ಎಲ್ಲವೂ ಲೆಕ್ಕದಲ್ಲೇ ಇದೆಯೇ?

ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಅಳೆದಿದ್ದಾರೆ. 1920ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಓಟೊ ಸ್ಟರ್ನ್ ಅವರು ಬೆಳ್ಳಿ ಲೇಪಿಸಿದ ಪ್ಲಾಟಿನಂ ತಂತಿಯನ್ನು ನಿರ್ವಾತದಲ್ಲಿ ಕಾಯಿಸಿ, ಹೊಮ್ಮುವ ಬೆಳ್ಳಿಯ ಪರಮಾಣುಗಳು ಕಿರುಸೀಳಿನ ಮೂಲಕ ಹಾದು ಒಂದು ಫಲಕದ ಮೇಲೆ ಕೂರುವಂತೆ ಮಾಡಿದರು. ಇಡೀ ಏರ್ಪಾಟನ್ನು ಗಿರ್ರನೆ ತಿರುಗಿಸಿದಾಗ, ಪರಮಾಣು ದಾರಿ ಸವೆಸುವಷ್ಟರಲ್ಲಿ ಫಲಕ ಕೊಂಚ ಸರಿದಿರುವುದರಿಂದ ಬೆಳ್ಳಿಯ ಗೆರೆ ಪಕ್ಕಕ್ಕೆ ಬೀಳುತ್ತದೆ. ಎಷ್ಟು ಪಕ್ಕಕ್ಕೆ ಬಿತ್ತು ಎಂಬುದರಿಂದ ಜವ ತಿಳಿಯುತ್ತದೆ. ವಕ್ರರೇಖೆಯ ಆಕಾರವನ್ನು ಬಹಳ ನಿಖರವಾಗಿ ಪರೀಕ್ಷಿಸಿದವರು ಮಿಲ್ಲರ್ ಮತ್ತು ಕುಶ್, 1955ರಲ್ಲಿ. ತಿರುಗುವ ಉರುಳೆಯ ಮೈಮೇಲೆ ಓರೆಯಾಗಿ ಕೊರೆದ ಕಾಲುವೆಗಳ ಮೂಲಕ ಅವರು ಪೊಟ್ಯಾಸಿಯಂ ಮತ್ತು ಥ್ಯಾಲಿಯಂ ಪರಮಾಣುಗಳನ್ನು ಹಾಯಿಸಿದರು. ಉರುಳೆ ತಿರುಗುವ ಜವಕ್ಕೆ ಸರಿಹೊಂದುವ ಪರಮಾಣುಗಳು ಮಾತ್ರ ಗೋಡೆ ತಾಗದೆ ಆಚೆ ಬರುತ್ತಿದ್ದವು.

ಸ್ಟರ್ನ್ ಅವರ ಪ್ರಯೋಗದಲ್ಲಿ ನಿನ್ನ ಪ್ರಶ್ನೆಗೆ ಹತ್ತಿರದ ಒಂದು ಸ್ವಾರಸ್ಯವಿದೆ. ಸೀಳಿನಿಂದ ಹೊರಬರುವ ಪರಮಾಣುಗಳ ಹಂಚಿಕೆ ಮುಚ್ಚಿದ ಪಾತ್ರೆಯ ಒಳಗಿನ ಅನಿಲದ ಹಂಚಿಕೆಯಲ್ಲ ಎಂದು ಐನ್‌ಸ್ಟೈನ್ ಗಮನಕ್ಕೆ ತಂದ ಮೇಲೆ ಅವರು ತಮ್ಮ ಲೆಕ್ಕವನ್ನು ತಿದ್ದಿಕೊಂಡರು. ಏಕೆ ಬೇರೆ, ಯೋಚಿಸಿ ನೋಡು.

ಪ್ರಶ್ನೆ ಕೇಳಿದ ವಿದ್ಯಾರ್ಥಿ, ದಾವಣಗೆರೆ

ಅಕ್ಕ, ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಒಳಗಿನ ಅಣುಗಳನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ ಎಣಿಸಿದರೆ ಜವದ ವರ್ಗ ಇರುವ ಸೂತ್ರ ಬರುತ್ತದೆ. ಕಿಂಡಿಯಲ್ಲಿ ಕುಳಿತು ಬರುವವರನ್ನು ಎಣಿಸುವುದು ಬೇರೆ. ನಮ್ಮ ಹಳೇ ಪಿ.ಬಿ. ರಸ್ತೆಯ ಬದಿಯಲ್ಲಿ ಒಂದು ಗಂಟೆ ನಿಂತು ಎಣಿಸಿದರೆ, ಎಲ್ಲ ಬಗೆಯ ವಾಹನಗಳೂ ರಸ್ತೆಯ ಉದ್ದಕ್ಕೆ ಒಂದೇ ದಟ್ಟಣೆಯಲ್ಲಿದ್ದರೂ, ಜವ ಹೆಚ್ಚಿರುವವು ದೂರದಿಂದಲೂ ಬಂದು ತಲುಪುವುದರಿಂದ ನನ್ನ ಪುಸ್ತಕದಲ್ಲಿ ಹೆಚ್ಚಾಗಿ ದಾಖಲಾಗುತ್ತವೆ. ಕಿಂಡಿಗೂ ಹಾಗೆಯೇ, ಎರಡು ಪಟ್ಟು ಜವದವು ಎರಡು ಪಟ್ಟು ಸಲ ಬಂದು ತಲುಪುತ್ತವೆ. ಆದ್ದರಿಂದ ಇನ್ನೊಂದು ಸಲ ಜವದಿಂದ ಗುಣಿಸಬೇಕು, ವರ್ಗ ಹೋಗಿ ಘನವಾಗುತ್ತದೆ. ಲೆಕ್ಕ ಮಾಡಿದರೆ ಕಿಂಡಿಯಿಂದ ಬರುವವುಗಳ ದಿಬ್ಬ ಸಾರಜನಕಕ್ಕೆ 422 ಬಿಟ್ಟು 517ಕ್ಕೆ ಸರಿಯಿತು. ಅದು ಒಳಗಿನ ಅನಿಲದ ಆರ್‌ಎಂಎಸ್ ಜವವೇ ಆಗಿದೆ. ಒಳಗೆ ಒಂದು ಅಣುವಿನ ಸರಾಸರಿ ಚಲನ ಶಕ್ತಿ ಬೋಲ್ಟ್ಸ್‌ಮನ್ ನಿಯತಾಂಕ ಮತ್ತು ತಾಪಗಳ ಗುಣಲಬ್ಧದ ಒಂದೂವರೆ ಪಟ್ಟು, ಹೊರಬರುವುದರದು ಎರಡು ಪಟ್ಟು. ಪ್ರತಿ ಅಣುವೂ ತನ್ನ ಪಾಲಿಗಿಂತ ಹೆಚ್ಚು ಶಕ್ತಿ ಹೊತ್ತುಕೊಂಡು ಹೋಗುವುದರಿಂದ ಒಳಗೆ ಉಳಿದ ಅನಿಲ ತಣ್ಣಗಾಗಬೇಕು. ಇದು ಸರಿಯೇ? ಕರ್ಪೂರದ ಡಬ್ಬಿಗೆ ಸೂಜಿಯಿಂದ ತೂತು ಮಾಡಿ ಇದನ್ನು ನೋಡಬಹುದೇ?

ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಲೆಕ್ಕ ಪೂರ್ತಿ ಸರಿ. ಡಬ್ಬಿಯ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಬಿಡದಿದ್ದರೆ ತಣ್ಣಗಾಗುತ್ತದೆ. ಬಿಟ್ಟರೆ ತಾಪ ಸಮವಾಗಿಯೇ ಉಳಿಯುತ್ತದೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಸೂಜಿಯ ತೂತಿನಿಂದ ಮಾತ್ರ ಆಗದಪ್ಪ. ನಿನ್ನ ಘನದ ಸೂತ್ರ ನಡೆಯಬೇಕಾದರೆ ಅಣುಗಳು ಒಂದೊಂದಾಗಿ, ಬಾಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯದೆ ಹೊರಬೀಳಬೇಕು. ಅದಕ್ಕೆ ತೂತು ಮುಕ್ತ ಪಥಕ್ಕಿಂತ ಕಿರಿದಾಗಿರಬೇಕು. ಸಾಧಾರಣ ಒತ್ತಡದಲ್ಲಿ ಮುಕ್ತ ಪಥ 68 ನ್ಯಾನೊಮೀಟರು, ಸೂಜಿಯ ತೂತು ಅದರ ಸಾವಿರಾರು ಪಟ್ಟು. ಒತ್ತಡವನ್ನು ಒಂದು ಲಕ್ಷ ಪಾಲು ಇಳಿಸಿದರೆ ಮುಕ್ತ ಪಥ ಆರೇಳು ಮಿಲಿಮೀಟರಿಗೆ ಹಿಗ್ಗುತ್ತದೆ, ಆಗ ಸೂಜಿಯ ತೂತು ಸಾಕಾಗುತ್ತದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಳ್ಳೆಯ ನಿರ್ವಾತ ಪಂಪು ಇದೆಯೇ ಎಂದು ಮೇಡಂ ಅವರನ್ನು ಕೇಳು.

ಪದವಿ ಕಾಲೇಜಿನ ಉಪನ್ಯಾಸಕಿ, ದಾವಣಗೆರೆ

ಪಂಪು ಇದೆ ಸರ್, ಆದರೆ ಅದರ ಒತ್ತಡಮಾಪಕ ಕೆಟ್ಟಿದೆ. ಸೋಮವಾರ ಅದನ್ನು ರಿಪೇರಿಗೆ ಕೊಡುತ್ತೇನೆ.